ನಲ್ಲಿ ಮುಂದೆ ಕೂತ ಬಿಂದುಶ್ರೀ

ನಂದಿದುರ್ಗ ಚಿನ್ನದ ಗಣಿ ಕಾರ್ಮಿಕರ ಲೈನು ಮನೆಗಳ ಬೀದಿ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಅಂತ ಹೇಳಬಲ್ಲ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಬೆಳಗ್ಗೆ ಬಂದರೆ ಬಂತು, ಇಲ್ಲದಿದ್ದರೆ ಮಟಮಟ ಮಧ್ಯಾಹ್ನ. ಅದಕ್ಕೇ ಎಲ್ಲರೂ ಬಿಂದಿಗೆಗಳನ್ನು ಸಾಲಾಗಿಟ್ಟು ಕಾಯುತ್ತಾರೆ. ನೀರು ಬಂದಾಗ ಬಿಂದಿಗೆ ಪಕ್ಕ ಆ ಮನೆಯವರು ನಿಂತಿರಲೇಬೇಕು, ಇಲ್ಲವಾದರೆ ಬಿಂದಿಗೆ ಸಾಲಿನಿಂದ ಆಚೆಗೆ. ಈ ಕಟ್ಟಳೆ ಮಾಡಿದವರು ಸ್ತ್ರೀಶಕ್ತಿ ಸಂಘದ ಆದಿಲಕ್ಷ್ಮಮ್ಮ. ನಲ್ಲಿ ಜಗಳ ನಿಂತದ್ದು ತಮ್ಮಿಂದಲೇ ಅಂತ ಅವರಿಗೆ ಒಳಗೊಳಗೇ ಹೆಮ್ಮೆ.

ಬೆಳಗ್ಗೆ ನೀರು ಬಾರದ ದಿನ ಸ್ಕೂಲು ಬಿಟ್ಟು ಆ ಸಾಲಿನಲ್ಲಿ ಕೂತಿರುತ್ತಿದ್ದವಳು ಎದುರು ಮನೆ ಸುಕನ್ಯಳ ಮಗಳು ಬಿಂದುಶ್ರೀ. ಹತ್ತನೇ ಕ್ಲಾಸು. ಅವಳನ್ನು ಕಂಡಾಗಲೆಲ್ಲ ಆದಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿ. ಓದಿಸುವ ಯೋಗ್ಯತೆ ಇಲ್ಲದವರು ಯಾಕೆ ಹೆರಬೇಕು, ಆ ತಾಯಿಗೆ ಬೆಂಗಳೂರು ಸುತ್ತುವುದೇ ಆಯಿತು ಎಂದು ಸಂಘದ ಹೆಂಗಸರ ಮುಂದೆ ಆಡಿಕೊಳ್ಳುತ್ತಿದ್ದರು. ಹುಡುಗಿ ಕೇಳಿಸಿಕೊಂಡು ತಲೆ ತಗ್ಗಿಸುತ್ತಿದ್ದಳು.

ಪರೀಕ್ಷೆ ಹತ್ತಿರ ಬಂತು. ಹಾಜರಿ ಸಾಲದು, ಈ ವರ್ಷ ಕೂರುವ ಹಾಗಿಲ್ಲ ಎಂದುಬಿಟ್ಟರು ಸ್ಕೂಲಿನಲ್ಲಿ. ಹುಡುಗಿ ಅಳಲೂ ಇಲ್ಲ. ನಾನೂ ಅಮ್ಮನ ಜೊತೆ ಕೆಲಸಕ್ಕೆ ಹೋಗುತ್ತೇನೆ ಅಂದಳಂತೆ.

ಆಶಾ ಕಾರ್ಯಕರ್ತೆ ರಾಧ ಈ ಸುದ್ದಿ ತಂದಾಗ ಆದಿಲಕ್ಷ್ಮಮ್ಮ, "ನಾನ್ ಏಳ್ಲಿಲ್ವಾ? ಆ ತಾಯಿಗೆ ಜವಾಬ್ದಾರಿ ಇಲ್ಲ ಕಣಮ್ಮ" ಅಂದರು.

ರಾಧ ಪಕ್ಕದಲ್ಲೇ ಕೂತಳು. "ಅಕ್ಕ, ಸುಕನ್ಯ ಕತ್ತಲಲ್ಲೇ ಎದ್ದು ರೈಲು ಅತ್ತುತಾಳೆ. ಬೆಂಗಳೂರಾಗೆ ಆಫೀಸು ಗುಡಿಸಿ ಬರೋ ಒತ್ಗೆ ಮತ್ತೆ ಕತ್ತಲು. ಒಂದಿನ ತಪ್ಪಿಸಿದ್ರೆ ಕೂಲಿ ಇಲ್ಲ, ಎರಡಿನ ತಪ್ಪಿಸಿದ್ರೆ ಕೆಲಸಾನೇ ಇಲ್ಲ. ಗಂಡ ತೀರಿಕೊಂಡವ್ನೆ. ನೀರು ಇಡಿಯಾಕೆ ಆ ಮನೇಲಿ ಇನ್ಯಾರವ್ರೆ?"

"ನಮ್ಮನ್ನ ಕೇಳ್ಬೋದಿತ್ತು."

"ಕೇಳಿದ್ಲು. ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ ಅಂದೋರು ನೀವೇ. ಉಡುಗಿ ಸ್ಕೂಲಿಗೆ ಓಗಿದ್ದಾಗ ಅವ್ರ ಬಿಂದಿಗೆ ಆಚೆ ಇಟ್ಟೋರೂ ನೀವೇ. ಅವತ್ತು ಅವ್ರು ಒಲೆ ಅಚ್ಲಿಲ್ಲ, ಅಕ್ಕ."

ಆದಿಲಕ್ಷ್ಮಮ್ಮನಿಗೆ ಬಿಂದಿಗೆ ಎತ್ತಿಟ್ಟದ್ದು ನೆನಪಿತ್ತು. ಅದು ಯಾರದೆಂದು ಅವರು ನೋಡಿರಲಿಲ್ಲ.

ಭಾನುವಾರ ಸುಕನ್ಯ ಮನೆಯಲ್ಲಿರುವಾಗ ಇಬ್ಬರೂ ಹೋದರು. ಇನ್ನು ನಿನ್ನ ಬಿಂದಿಗೆ ತುಂಬಿಸುವುದು ನಮ್ಮ ಪಾಲು, ಸಂಘದವರೆಲ್ಲ ಒಪ್ಪಿದ್ದಾರೆ, ಮಗಳನ್ನು ಕೆಲಸಕ್ಕೆ ಹಾಕಬೇಡ, ಜೂನಿನಲ್ಲಿ ಮತ್ತೆ ಸ್ಕೂಲಿಗೆ ಕಳಿಸು ಎಂದು ಆದಿಲಕ್ಷ್ಮಮ್ಮ ಕೈ ಹಿಡಿದುಕೊಂಡು ಕೇಳಿದರು.

ಸುಕನ್ಯ ಕೈ ಬಿಡಿಸಿಕೊಂಡಳು. "ಇದ್ನ ಮೊದ್ಲೇ ಅಂದಿದ್ರೆ ನನ್ ಮಗಳು ಈ ವರ್ಷಾನೇ ಪರೀಕ್ಷೆ ಬರೀತಿದ್ಲು, ದೊಡ್ಡಮ್ಮ."

ಆಮೇಲೆ ಕಳಿಸುತ್ತೇನೆ ಅಂದಳು. ಆದರೆ ಪರೀಕ್ಷೆಯ ಬೆಳಗ್ಗೆ ಗೆಳತಿಯರು ಹಾಲ್‌ಟಿಕೆಟ್ಟು ಹಿಡಿದು ಹೊರಟಾಗ ಬಿಂದುಶ್ರೀ ಬಾಗಿಲು ಹಾಕಿಕೊಂಡು ಒಳಗೇ ಕೂತಳು. ಆದಿಲಕ್ಷ್ಮಮ್ಮ ಕರೆದರೂ ತೆಗೆಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಬಡತನ ಅಂದರೆ ಬರೀ ಕೈಯಲ್ಲಿ ಕಾಸಿಲ್ಲದಿರುವುದಲ್ಲ. ನೀರಿಗೆ ನಿಂತರೆ ಕೂಲಿ ಹೋಗುತ್ತದೆ, ಕೂಲಿಗೆ ಹೋದರೆ ಮಗುವಿನ ಓದು ಹೋಗುತ್ತದೆ. ನಿಮ್ಮ ಬೀದಿಯಲ್ಲಿ ಸ್ಕೂಲು ಬಿಟ್ಟ ಮಗು ಕಂಡರೆ ತಾಯಿಯನ್ನು ಬೈಯಬೇಡಿ. ಆ ಮನೆಗೆ ಹೋಗಿ, ಯಾವ ಕೆಲಸಕ್ಕೆ ನಾವು ಕೈ ಜೋಡಿಸೋಣ ಎಂದು ಕೇಳಿ. ಇವತ್ತೇ ಕೇಳಿ, ಬಿಂದುಶ್ರೀಯ ಮನೆಗೆ ಹೋಗಿ ನಮ್ಮ ಬೀದಿಯವರು ಕೇಳಿದ್ದು ತಡವಾಯಿತು.