ಹಿಟ್ಟಿನ ಕೋಲು

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮಲಗಿಸಿದ್ದ ಮುದ್ದೆ ತಿರುವುವ ತನ್ನ ಹಿಟ್ಟಿನ ಕೋಲನ್ನು ನೋಡಿ ಅಡುಗೆಯ ಶೇಷಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಕೋಲಿನ ಕತ್ತಿಗೆ ದಾರ ಕಟ್ಟಿ ಚೀಟಿ ಇಳಿಬಿಟ್ಟಿದ್ದರು. ಮೇಲಿನಿಂದ ಬಂದ ವಿಚಾರಣಾಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು: 'ಮರದ ಮಾರಕಾಯುಧ, ಒಂದು.'

ತೊಂಬತ್ತೆಂಟನೆಯ ಇಸವಿ. ಹಲಸೂರು ಕೆರೆಯ ಹಿಂಬದಿಯ ಆ ಬಾಲಾಪರಾಧಿಗಳ ಗೃಹದಲ್ಲಿ ಹೊಡೆದಾಟವಾಗಿ ನಾಲ್ಕು ದಿನವಾಗಿತ್ತು. ಅಡುಗೆಮನೆಯಲ್ಲಿ ಕಿರಣಕುಮಾರನೆಂಬ ಹುಡುಗ ಈ ಕೋಲಿನಿಂದ ಇನ್ನೊಬ್ಬನ ತಲೆ ಒಡೆದಿದ್ದ, ಏಳು ಹೊಲಿಗೆ. ಪೇಪರಿನಲ್ಲಿ ಬಂದದ್ದೇ ಸರ್ಕಾರ ಎದ್ದು ಕೂತಿತು. ಹನ್ನೊಂದು ವರ್ಷದಿಂದ ಸೋರುತ್ತಿದ್ದ ಸೂರನ್ನು ನೋಡಲು ಬಾರದವರು ಮೂರು ಜೀಪಿನಲ್ಲಿ ಬಂದಿಳಿದರು.

ಕಿರಣಕುಮಾರ ಗುಲ್ಬರ್ಗದ ಕಡೆಯವನು. ತಾಯಿ ಬಾಲಮ್ಮ ಕಮ್ಮನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ರೊಟ್ಟಿ ತಿಂದು ಬೆಳೆದ ಹುಡುಗನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಗಿಯಬೇಡ, ನುಂಗು ಎಂದು ಕಲಿಸಿದವಳು ಶೇಷಮ್ಮನೇ. ಕಲಿತ ಮೇಲೆ ತಟ್ಟೆ ಹಿಡಿದು ಬಂದು "ಇನ್ನೊಂದು ನೀಡ್ರಿ, ಯವ್ವಾ" ಎನ್ನುತ್ತಿದ್ದ. ಬಡಿಸು ಎನ್ನುವುದಕ್ಕೆ ಅವನ ಊರಿನ ಮಾತು ಅದು. ಅದನ್ನೇ ಅಣಕಿಸಿ "ಭಿಕ್ಷೆ ನೀಡ್ರಿ" ಎಂದು ದಿನಾ ಕುಣಿಯುತ್ತಿದ್ದವನ ತಲೆಯೇ ಒಡೆದದ್ದು. ಅಂದಿನಿಂದ ಬೀಗ ಹಾಕಿದ ಕೋಣೆಯಲ್ಲಿದ್ದ ಕಿರಣಕುಮಾರ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಕೋಲು ಶೇಷಮ್ಮನ ಅತ್ತೆಯದು. ಕಗ್ಗದಾಸಪುರದಲ್ಲಿ ರಾಗಿ ಹೊಲಗಳಿದ್ದ ಕಾಲದಲ್ಲಿ, ಕಣದ ದಿನ, ಅತ್ತೆ ಅದರಲ್ಲೇ ಇಪ್ಪತ್ತು ಆಳಿಗೆ ಹಿಟ್ಟು ತಿರುವುತ್ತಿದ್ದಳು. ಹೊಸ ರಾಗಿಯ ವಾಸನೆಗೆ ಕೆರೆ ಏರಿಯ ಮೇಲೆ ಹೋಗುವವರೂ ಒಳಗೆ ಬಂದು ಕೂರುತ್ತಿದ್ದರು. ಎಂಥ ದಿನಗಳವು! ಹೊಲ ಸೈಟುಗಳಾದವು, ಮೈದುನರು ಹಂಚಿಕೊಂಡರು, ಗಂಡನಿಲ್ಲದ ಶೇಷಮ್ಮನ ಪಾಲಿಗೆ ಒಂದು ಶೀಟಿನ ಮನೆ ಮತ್ತು ಈ ಕೋಲು ಉಳಿಯಿತು. ದಿನಗೂಲಿ ಅಡುಗೆಯವಳಾಗಿ ಇಲ್ಲಿಗೆ ಬಂದ ಮೊದಲ ವಾರವೇ ಸರ್ಕಾರಿ ಕೋಲು ಪಟ್ಟನೆ ಮುರಿಯಿತು. ಮಾರನೆಯ ದಿನ ಮನೆಯದನ್ನೇ ಸೆರಗಿನಲ್ಲಿ ಸುತ್ತಿ ತಂದಳು. ಕಾವಲಿನವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಅದನ್ನು ಹಿಡಿದಾಗಲೆಲ್ಲ ಅತ್ತೆ ಬೈದಂತೆ ಕೇಳಿಸುತ್ತಿತ್ತು. ಆ ಬೈಗುಳವೂ ಈಗ ಹಿತವಾಗಿತ್ತು.

ಆದರೆ ಕೋಲು ಸ್ಟಾಕ್ ಪುಸ್ತಕದಲ್ಲಿರಲಿಲ್ಲ. ಹಾಗಾಗಿ ಭಾನುವಾರ ಮಗನನ್ನು ನೋಡಲು ಬರುವ ಬಾಲಮ್ಮನೇ ಅದನ್ನು ತಂದುಕೊಟ್ಟಿರಬೇಕು, ಹುಡುಗ ಮೊದಲೇ ಹೊಂಚು ಹಾಕಿದ್ದಾನೆ ಎಂದು ಅಧಿಕಾರಿ ತೀರ್ಮಾನಿಸಿದ್ದರು. ಹಾಗೆಂದು ವರದಿಯಾದರೆ ಅವನು ದೂರದ ಬಿಗಿ ಪಹರೆಯ ಗೃಹಕ್ಕೆ. ತಾಯಿಯ ಮೇಲೂ ಕೇಸು. ತನ್ನದೆಂದು ಒಪ್ಪಿಕೊಂಡರೆ ಶೇಷಮ್ಮನ ಕೆಲಸ ಹೋಗುತ್ತದೆ. ಅವಳನ್ನು ಕಾಯಂ ಮಾಡುವ ಫೈಲು ಆಗಲೇ ಸಹಿಗೆ ಹೋಗಿತ್ತು. ಸೂಪರಿಂಟೆಂಡೆಂಟ್ ಅಂಜನಮೂರ್ತಿ ಒಳ್ಳೆಯವರು. ಬೆಳಿಗ್ಗೆಯೇ ಪಕ್ಕಕ್ಕೆ ಕರೆದು, "ಗೊತ್ತಿಲ್ಲ ಅಂದ್ಬಿಡಿ ಶೇಷಮ್ಮ, ಒಂದೇ ಮಾತು" ಎಂದಿದ್ದರು.

"ಇದನ್ನ ಮೊದಲು ಎಲ್ಲಾದ್ರೂ ನೋಡಿದ್ದೀರಾ?" ಅಧಿಕಾರಿ ಕೇಳಿದರು.

ಅಂಜನಮೂರ್ತಿ ಕಿಟಕಿಯ ಕಡೆ ತಿರುಗಿದರು. ಶೇಷಮ್ಮನಿಗೆ ಹೆದರಿಕೆಯಾಗಿತ್ತು. ಕೋಲಿನ ತುದಿಯಲ್ಲಿ ಅಂದಿನ ಹಿಟ್ಟು ಒಣಗಿ ಹಾಗೆಯೇ ಅಂಟಿತ್ತು. ತೊಳೆಯದೆ ಇಟ್ಟಿದ್ದಾರಲ್ಲ ಎಂದು ಆ ಹೆದರಿಕೆಯ ನಡುವೆಯೂ ಸಿಟ್ಟು ಬಂತು.

"ಆಯುಧ ಅಲ್ಲ ಸ್ವಾಮಿ, ಹಿಟ್ಟಿನ ಕೋಲು. ನಂದೇ. ನಮ್ಮತ್ತೇದು. ಹನ್ನೊಂದು ವರ್ಸದ ಕೆಳಗೆ ನಾನೇ ತಂದಿಟ್ಟಿದ್ದು. ಆ ಮಗ ಕೈಗೆ ಸಿಕ್ಕಿದ್ದು ತಗೊಂಡವ್ನೆ, ಅಷ್ಟೇಯ."

ಹತ್ತು ದಿನಕ್ಕೆ ಆದೇಶ ಬಂತು. ಅಡುಗೆಮನೆಯಲ್ಲಿ ಮರದ ಸಾಮಾನು ಇರಕೂಡದು. ಮುದ್ದೆ ರದ್ದು, ನಾಳೆಯಿಂದ ಗುತ್ತಿಗೆದಾರರ ಅನ್ನ ಸಾಂಬಾರು. ನಿಯಮ ಮೀರಿದ ಅಡುಗೆಯವಳೂ ನಾಳೆಯಿಂದ ಬರಬೇಕಾಗಿಲ್ಲ. ಸೂರಿನ ಮಾತು ಅದರಲ್ಲಿರಲಿಲ್ಲ. ಕಿರಣಕುಮಾರ ಮಾತ್ರ ಅಲ್ಲೇ ಉಳಿದ. ಬೀಗ ಹಾಕಿದ್ದ ಕೋಣೆಯಿಂದ ಅವನನ್ನು ಅಂದೇ ಹೊರಗೆ ಬಿಟ್ಟರು.

ಆ ಕೊನೆಯ ಮಧ್ಯಾಹ್ನ ಶೇಷಮ್ಮ ಸ್ಟೀಲಿನ ಸೌಟಿನ ಹಿಡಿಯಿಂದ ಮುದ್ದೆ ತಿರುವಿದಳು. ಬರೀ ಗಂಟು. ಅತ್ತೆ ಇದ್ದಿದ್ದರೆ ಪಾತ್ರೆ ಸಮೇತ ಹಿತ್ತಲಿಗೆ ಎಸೆಯುತ್ತಿದ್ದಳು. ಸಾಲಾಗಿ ಕೂತ ಹುಡುಗರು ನುಂಗಲಾಗದೆ ಅಗಿಯತೊಡಗಿದರು. ಏಳು ಹೊಲಿಗೆಯವನೂ ತಲೆ ತಗ್ಗಿಸಿ ಅಗಿಯುತ್ತಿದ್ದ.

ಸಾಲಿನ ತುದಿಯಿಂದ ಕಿರಣಕುಮಾರ ಎದ್ದು ಬಂದು ತಟ್ಟೆ ಚಾಚಿದ.

"ಇನ್ನೊಂದು ನೀಡ್ರಿ, ಯವ್ವಾ."

ಯಾರೂ ನಗಲಿಲ್ಲ. ಶೇಷಮ್ಮ ಕೈ ಒದ್ದೆ ಮಾಡಿಕೊಂಡು, ಇದ್ದುದರಲ್ಲಿ ಗಂಟು ಕಡಿಮೆಯಿದ್ದ ಕಡೆಯಿಂದ ಹಿಟ್ಟು ತೆಗೆದು ಉಂಡೆ ಕಟ್ಟತೊಡಗಿದಳು.