ಎರಡು ಬಾಯಿಯ ಹೊಗೆಗೂಡು

“ಒರಗಿಸ್ಬೇಡ್ರಪ್ಪಾ, ಗಾರೆ ಉದುರ್ತೈತೆ!” ಎಂದು ಮಠದ ಅಯ್ಯನವರು ಕೂಗುವಷ್ಟರಲ್ಲಿ ಅಂಗೈಯಗಲದ ಗಾರೆಯ ತುಂಡೊಂದು ಗೋಡೆಯಿಂದ ಕಳಚಿ ಕರಿಬಸಮ್ಮನ ಹೆಗಲ ಮೇಲೆ ಬಿದ್ದು ಪುಡಿಯಾಯಿತು.

ಅವಳ ಶವವನ್ನು ಹಿಡಿದಿದ್ದವರು ಹಾಗೇ ನಿಂತರು. ಮಗ ಸೋಮಶೇಖರ್ ತಾಯಿಯ ಹೆಗಲಿನ ಪುಡಿಯನ್ನು ಟವಲಿನಿಂದ ಒರೆಸಿದ. ಸತ್ತವರಿಗೆ ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸುವುದು ಅವರ ಮನೆತನದ ಪದ್ಧತಿ. ಆದರೆ ಅಡುಗೆಮನೆಯ ಹೊಗೆಗೂಡಿನ ಬುಡದಿಂದ ಹಿಡಿದು ನಡುಮನೆಯ ಕೊನೆಯವರೆಗೂ ಆ ಗೋಡೆ ನೀರು ಕುಡಿದು ಉಬ್ಬಿಕೊಂಡಿತ್ತು. ಮುಟ್ಟಿದರೆ ಬೆರಳಿಗೆ ಉಪ್ಪಿನಂಥ ಬಿಳಿ ಪುಡಿ ಅಂಟುತ್ತಿತ್ತು. ಉಳಿದ ಗೋಡೆಗಳಿಗೆ ಬೀರು, ಬಾಗಿಲು, ಕಿಟಕಿ. ಹೊರಗೆ ಕೂರಿಸೋಣವೆಂದರೆ ಬೆಳಗಿನಿಂದ ಬಿಡದ ಆಷಾಢದ ಮಳೆ.

“ತಡ ಮಾಡಿದ್ರೆ ಮೈ ಸೆಟ್ಕೊಳ್ತದೆ, ಆಮೇಲೆ ಕೂರ್ಸಕ್ಕಾಗಲ್ಲ. ಒಣಗಿರೋ ಗೋಡೆ ಎಲ್ಲೈತೆ ನೋಡ್ರಿ” ಎಂದರು ಅಯ್ಯನವರು.

ಸೋಮಶೇಖರ್ ಬಾಗಿಲ ಕಡೆ ನೋಡಿದ. ಹೊಸ್ತಿಲಾಚೆ ಅವನ ಚಿಕ್ಕಮ್ಮ ತಿಪ್ಪಮ್ಮ ಸೆರಗು ತಲೆಗೆ ಹೊದ್ದು ನಿಂತಿದ್ದಳು. ಸತ್ತವಳ ಓರಗಿತ್ತಿ, ಪಕ್ಕದ ಪಾಲಿನವಳು. ಇಬ್ಬರ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು. ಆ ಹೊಸ್ತಿಲನ್ನು ಅವಳು ಈಗಲೂ ದಾಟಿರಲಿಲ್ಲ.

“ಚಿಕ್ಕಮ್ಮಾ…” ಎಂದ ಅವನು. ಒಣಗಿದ ಗೋಡೆ ಇದ್ದದ್ದು ಅವಳ ನಡುಮನೆಯಲ್ಲಿ.

ಬೀದಿಯವರೆಲ್ಲ ತನ್ನನ್ನೇ ನೋಡುತ್ತಿದ್ದಾರೆಂದು ತಿಪ್ಪಮ್ಮನಿಗೆ ಗೊತ್ತಾಯಿತು.

“ಕರ್ಕೊಂಡ್ ಬನ್ನಿ” ಎಂದಳು, ನಡೆದು ಬರುವವರನ್ನು ಕರೆದಂತೆ.

*

ಗುಬ್ಬಿಯ ಆ ಮನೆ ಒಂದಾಗಿದ್ದಾಗ ಹೊಗೆಗೂಡಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ತಾರಸಿಯ ಮೇಲೆ ಆಳೆತ್ತರಕ್ಕೆ ನಿಂತಿದ್ದ ಇಟ್ಟಿಗೆಯ ಗೂಡು ಅದು. ಒಳಗೆ ಅರ್ಧ ಇಟ್ಟಿಗೆಯ ತೆಳು ಗೋಡೆ ಕಟ್ಟಿ ಎರಡು ಭಾಗ ಮಾಡಿದ್ದರು. ಒಂದರಲ್ಲಿ ಅಡುಗೆಯ ಒಲೆಯ ಹೊಗೆ, ಇನ್ನೊಂದರಲ್ಲಿ ಬಚ್ಚಲ ಹಂಡೆ ಒಲೆಯ ಹೊಗೆ.

ಹಿರಿಯವನಾದ ಸದಾಶಿವಯ್ಯ ತೀರಿಕೊಂಡ ಮೂರನೇ ವರ್ಷಕ್ಕೆ ಮನೆ ಪಾಲಾಯಿತು. ಅಡುಗೆಮನೆ ಅವನ ಹೆಂಡತಿ ಕರಿಬಸಮ್ಮನ ಕಡೆಗೆ ಹೋಯಿತು. ತಮ್ಮ ಗಂಗಾಧರಯ್ಯನ ಪಾಲಿಗೆ ಬಚ್ಚಲೂ ತಾರಸಿ ಮೆಟ್ಟಿಲೂ ಬಂದವು. ಅವನ ಹೆಂಡತಿ ತಿಪ್ಪಮ್ಮ ಬಚ್ಚಲನ್ನೇ ಗಾರೆ ಹಾಕಿಸಿ ಅಡುಗೆಮನೆ ಮಾಡಿಕೊಂಡಳು.

ಆ ವರ್ಷದ ಮುಂಗಾರಿಗೆ ಮೊದಲು ಕರಿಬಸಮ್ಮ ಗಾರೆ ಕೆಲಸದ ಕಾಳಯ್ಯನನ್ನು ಕರೆಸಿ, ಗೂಡಿನ ತನ್ನ ಬಾಯಿಯ ಮೇಲೆ ನಾಲ್ಕು ಇಟ್ಟಿಗೆ ನಿಲ್ಲಿಸಿ ಕಲ್ಲು ಚಪ್ಪಡಿ ಹೊದಿಸಿದಳು. ಹೊಗೆ ಪಕ್ಕದಿಂದ ಹೋಗುತ್ತಿತ್ತು, ಮಳೆ ಒಳಗೆ ಬೀಳುತ್ತಿರಲಿಲ್ಲ. ಆದರೆ ಚಪ್ಪಡಿಯ ಇಳಿಜಾರು ತಿಪ್ಪಮ್ಮನ ಬಾಯಿಯ ಕಡೆಗಿತ್ತು. ಮೊದಲ ಮಳೆಗೇ ಮಸಿನೀರು ದಳದಳನೆ ಇಳಿದು ಅವಳ ಒಲೆಯನ್ನೂ ಒಲೆಯ ಮೇಲಿದ್ದ ಮುದ್ದೆ ಪಾತ್ರೆಯನ್ನೂ ಕೆಡಿಸಿತು.

“ಅಕ್ಕ, ನಿನ್ ಚಪ್ಪಡಿ ನೀರೆಲ್ಲ ನನ್ ಒಲೇಗ್ ಬರ್ತೈತೆ” ಎಂದಳು ತಿಪ್ಪಮ್ಮ.

“ನೀನೂ ಒಂದ್ ಹಾಕಿಸ್ಕೊ” ಎಂದಳು ಕರಿಬಸಮ್ಮ.

ಗಂಗಾಧರಯ್ಯ ನಾಳೆ, ನಾಡಿದ್ದು ಎನ್ನುತ್ತಲೇ ಮಳೆಗಾಲಗಳನ್ನು ಕಳೆದ. ಒದ್ದೆ ಗೂಡು ಹೊಗೆ ಎಳೆಯದೆ ತಿಪ್ಪಮ್ಮನ ಅಡುಗೆಮನೆ ತುಂಬಿಕೊಳ್ಳುತ್ತಿತ್ತು. ಗಂಡ ತಟ್ಟೆ ಹಿಡಿದು ಜಗಲಿಗೆ ಹೋಗಿ ಉಣ್ಣತೊಡಗಿದ. ಮಗಳು ಭೂಮಿಕಾ ಕಣ್ಣುಜ್ಜಿಕೊಂಡು ದೊಡ್ಡಮ್ಮನ ಒಲೆ ಮುಂದೆ ಹೋಗಿ ಕೂತಳು. ಅಲ್ಲಿ ಬೆಚ್ಚಗಿತ್ತು, ಹೊಗೆಯಿರಲಿಲ್ಲ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ಮಗುವನ್ನು ಕರೆಯಲು ಹೋದ ತಿಪ್ಪಮ್ಮ ಬಾಗಿಲ ಸಂದಿಯಿಂದ ಅದನ್ನು ನೋಡಿ, ಕರೆಯದೆ ಹಿಂದಿರುಗಿದ್ದಳು. ಆಗ ಹೊಟ್ಟೆಯೊಳಗೆ ಹತ್ತಿಕೊಂಡದ್ದು ಯಾವ ಮಳೆಗೂ ಆರಲಿಲ್ಲ.

*

ತಿಪ್ಪಮ್ಮನ ನಡುಮನೆಯ ಗೋಡೆಗೆ ಯುಗಾದಿಯಲ್ಲಷ್ಟೇ ತಿಳಿಹಸಿರು ಡಿಸ್ಟೆಂಪರ್ ಹೊಡೆಸಿದ್ದರು. ಅದಕ್ಕೆ ಒರಗಿ ಕೂತ ಕರಿಬಸಮ್ಮ ಹಣೆಗೆ, ತೋಳಿಗೆ ವಿಭೂತಿ ಬಳಿಸಿಕೊಂಡು, ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ಮನೆಯ ಯಜಮಾನಿಯಂತೆ ಕಾಣುತ್ತಿದ್ದಳು. ಅವಳ ಕೆಳಗೆ ಹಾಸಿದ್ದು ತಿಪ್ಪಮ್ಮನ ಹೊಸ ಜಮಖಾನ.

ಜನ ಬರುತ್ತಲೇ ಇದ್ದರು. ಛತ್ರಿ ಮಡಚಿ, ಕಾಲಿನ ಕೆಸರು ಹೊಸ್ತಿಲಾಚೆಯೇ ಒರೆಸಿ ಒಳಗೆ ಬಂದು ಕೈಮುಗಿಯುತ್ತಿದ್ದರು.

“ಎಂಥಾ ಕೈ ಕಣಮ್ಮ. ಆ ಹುರುಳಿ ಬಸ್ಸಾರು ಇನ್ನೆಲ್ಲಿ ಸಿಗ್ತದೆ?”

“ನಮ್ಮ ಹುಡ್ಗೀಗ್ ಜ್ವರ ಬಂದಾಗ ಒಂದು ವಾರ ಗಂಜಿ ಕಾಯ್ಸಿ ತಂದ್ಕೊಟ್ಟವ್ರೆ.”

“ಕೊನೇ ಎರಡು ವರ್ಷ ಉಬ್ಬಸದಲ್ಲಿ ಬಾಳ ಒದ್ದಾಡಿದ್ರು ಪಾಪ. ಆ ಥಂಡಿ ಗೋಡೆ ಪಕ್ಕ ಮಲಗಿದ್ರೆ ಇನ್ನೇನಾದೀತು?”

ಕೊನೆಯ ಮಾತಾಡಿದವಳು ತಿಪ್ಪಮ್ಮನ ಮುಖ ಕಂಡೊಡನೆ ಪಕ್ಕಕ್ಕೆ ಸರಿದಳು. ತಿಪ್ಪಮ್ಮ ಊದುಬತ್ತಿ ಹಚ್ಚುವ ನೆವದಲ್ಲಿ ಬಾಗಿದಳು. ತನ್ನ ಮನೆಗೆ ಯಾವತ್ತೂ ಇಷ್ಟು ಜನ ಬಂದಿರಲಿಲ್ಲ. ನಾನು ಸತ್ತ ದಿನ ಇವರಲ್ಲಿ ಎಷ್ಟು ಜನ ಬರುತ್ತಾರೆ, ನನ್ನ ಯಾವ ಸಾರನ್ನು ನೆನೆಯುತ್ತಾರೆ ಎಂದುಕೊಂಡಳು.

ಅಷ್ಟರಲ್ಲಿ ಭೂಮಿಕಾ ಬಂದಳು. ತುಮಕೂರಿನಲ್ಲಿ ಡಿ.ಎಡ್. ಓದುತ್ತಿದ್ದವಳು ಸುದ್ದಿ ತಿಳಿದು ಸಿಕ್ಕಿದ ಬಸ್ಸು ಹತ್ತಿದ್ದಳು. ತೊಯ್ದ ಚೂಡಿದಾರದಲ್ಲೇ ತಾಯಿಯನ್ನು ದಾಟಿಕೊಂಡು ಹೋಗಿ ದೊಡ್ಡಮ್ಮನ ಮಡಿಲಿಗೆ ತಲೆಯಿಟ್ಟಳು. ತಿಪ್ಪಮ್ಮ ಎಬ್ಬಿಸಲೆಂದು ಹೆಗಲು ಮುಟ್ಟಿದಳು. ಮಗಳು ತಲೆಯೆತ್ತದೆ ಆ ಕೈಯನ್ನು ಸರಿಸಿದಳು.

*

ಬೀದಿಯಲ್ಲಿ ಮೊದಲು ಗ್ಯಾಸ್ ಬಂದದ್ದು ತಿಪ್ಪಮ್ಮನ ಮನೆಗೆ. ನೀಲಿ ಉರಿ ನೋಡಲು ಬಂದವರಲ್ಲಿ ಕರಿಬಸಮ್ಮನೂ ಇದ್ದಳು. ತುಸು ಹೊತ್ತು ನೋಡಿ, “ಇದ್ರಲ್ ಮಾಡಿದ್ದು ತಿಂದ್ರೆ ವಾಯು ಆಗ್ತದಂತೆ” ಎಂದು ಹೋದಳು. ಆ ದಿನ ತಿಪ್ಪಮ್ಮ ಪಾಯಸ ಮಾಡಿದ್ದಳು.

ಇನ್ನು ಹೊಗೆಯಿಲ್ಲವೆಂದು ಗೂಡಿನ ತನ್ನ ಬಾಯಿಯನ್ನು ಕಾಳಯ್ಯನಿಂದ ಸಿಮೆಂಟು ಹಾಕಿಸಿ ಮುಚ್ಚಿಸಿದಳು. ಹಳೆಯ ಸುಣ್ಣದ ಗಾರೆಗೂ ಹೊಸ ಸಿಮೆಂಟಿಗೂ ಹೊಂದಿಕೆಯಾಗದು, ನಡುವೆ ಬಿರುಕು ಬಿಡುತ್ತದೆ, ವರ್ಷವರ್ಷ ತುಂಬಬೇಕು ಎಂದು ಅವನು ಇಬ್ಬರಿಗೂ ಹೇಳಿದ್ದ. ಬಿರುಕಿನ ನೀರು ತನ್ನ ಗೋಡೆಗೇ ಇಳಿಯುವುದರಿಂದ ಕರಿಬಸಮ್ಮ ಪ್ರತಿ ವರ್ಷವೂ ತುಂಬಿಸುತ್ತಿದ್ದಳು. ಕಾಳಯ್ಯ ಬಾಂಡ್ಲಿ ಹೊತ್ತು ತಿಪ್ಪಮ್ಮನ ಕಡೆಯ ಮೆಟ್ಟಿಲು ಹತ್ತಿ ಹೋಗುತ್ತಿದ್ದ.

ಭೂಮಿಕಾಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ತಿಪ್ಪಮ್ಮ ಬಾಗಿಲಲ್ಲೇ ಕಾದಿದ್ದಳು. ಸ್ಕೂಲಿನಿಂದ ಓಡಿಬಂದ ಹುಡುಗಿ ಅವಳೆದುರಿಗೇ ಪಕ್ಕದ ಮನೆಗೆ ನುಗ್ಗಿ, “ದೊಡ್ಡಮ್ಮಾ, ಫಸ್ಟ್ ಕ್ಲಾಸು!” ಎಂದು ಕಿರುಚಿದಳು. ಒಳಗಿಂದ ಕರಿಬಸಮ್ಮನ ನಗು ಕೇಳಿತು. ಆಮೇಲೆ ಅವಳು ಬಟ್ಟಲಲ್ಲಿ ಸಕ್ಕರೆ ತಂದು, “ತಗೊ ತಿಪ್ಪಿ, ನಮ್ ಹುಡ್ಗಿ ಪಾಸಾದ್ಲು” ಎಂದು ತಿಪ್ಪಮ್ಮನ ಕೈಗೇ ಹಾಕಿದಳು.

ನಮ್ಮ ಹುಡುಗಿ! ತಿಪ್ಪಮ್ಮ ಆ ಸಕ್ಕರೆಯನ್ನು ತಿನ್ನಲಿಲ್ಲ.

ಅದೇ ವಾರ ಕಾಳಯ್ಯ ಬಂದಾಗ ಮೆಟ್ಟಿಲ ಗೇಟಿಗೆ ಬೀಗ ಬಿದ್ದಿತ್ತು.

“ನಮ್ ಜಾಗ, ನಮ್ ಮೆಟ್ಲು. ಯಾರೂ ಹತ್ತಂಗಿಲ್ಲ” ಎಂದಳು ತಿಪ್ಪಮ್ಮ.

ಕರಿಬಸಮ್ಮ ಬೀಗವನ್ನು ನೋಡಿದಳು, ಓರಗಿತ್ತಿಯನ್ನು ನೋಡಿದಳು. “ಆಗ್ಲಿ ಬುಡು ಕಾಳಯ್ಯ” ಎಂದು ಒಳಗೆ ಹೋದಳು. ಮತ್ತೆ ಕೇಳಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ತಿಪ್ಪಮ್ಮ ತೆಗೆಯುತ್ತಿದ್ದಳೋ ಏನೋ. ಕೇಳಲೆಂದು ಕಾದಳು ಕೂಡ. ಆ ಮಳೆಗಾಲ ಬಿರುಕಿನಲ್ಲಿ ನೀರು ಇಳಿಯಿತು, ಮುಂದಿನ ವರ್ಷ ಇನ್ನಷ್ಟು ಇಳಿಯಿತು.

*

ಶವ ಎತ್ತುವ ಹೊತ್ತಿಗೆ ಕುಣಿಗಲ್ಲಿನಿಂದ ಕರಿಬಸಮ್ಮನ ತಂಗಿ ಗಿರಿಯಮ್ಮ ಬಂದಳು. ಪಕ್ಕದ ಮನೆಗೆ ಹೋಗಿ, ಅಲ್ಲಿಲ್ಲವೆಂದು ತಿಳಿದು ಇಲ್ಲಿಗೆ ಬಂದವಳು ಅಕ್ಕ ಕೂತಿದ್ದ ಜಾಗವನ್ನು ನೋಡಿ ಎದೆ ಬಡಿದುಕೊಂಡಳು.

“ಬದುಕಿದ್ದಾಗ ಮೆಟ್ಲು ಹತ್ತಕ್ ಬುಡ್ಲಿಲ್ಲ, ಸತ್ ಮ್ಯಾಲೆ ನಡುಮನೇಲಿ ಕೂರ್ಸ್ಕೊಂಡವ್ಳಲ್ಲಪ್ಪೋ!”

ಬೆಳಗಿನಿಂದ ಬಾಯಿ ಬಿಗಿಹಿಡಿದಿದ್ದ ತಿಪ್ಪಮ್ಮ ಈಗ ತಡೆಯಲಿಲ್ಲ.

“ಚಪ್ಪಡಿ ನೀರ್ನ ನನ್ ಒಲೇಗೆ ತಿರುಗ್ಸಿದ್ದು ಯಾರು? ಅದ್ನೂ ಹೇಳು. ಬೇಕಂತ್ಲೇ ಮಾಡಿದ್ಲು ನಿಮ್ಮಕ್ಕ.”

“ಅಮ್ಮಾ, ಸುಮ್ನಿರ್ತೀಯಾ?” ಎಂದಳು ಭೂಮಿಕಾ.

“ಹೂಂ ಕಣೆ, ಬೇಕಂತ್ಲೇ!” ಗಿರಿಯಮ್ಮ ಮೂಗು ಒರೆಸಿಕೊಂಡಳು. “ನನ್ಹತ್ರಾನೇ ಹೇಳವ್ಳೆ. ಯಾಕೆ ಅಂತ ಕೇಳು. ಗಂಡನ್ನ ಕಳ್ಕೊಂಡು ಒಲೆ ಮುಂದೆ ಒಬ್ಳೇ ಕೂತಿದ್ರೆ ಆ ಹೊಗೆಗೂಡಿನಾಗೆ ನಿಮ್ಮಿಬ್ರ ನಗು ಕೇಳ್ತಿತ್ತಂತೆ. ನೀನು ರೊಟ್ಟಿ ತಟ್ಕೊಂಡು ಏನೋ ಹೇಳೋದು, ನಿನ್ ಗಂಡ ಬಿದ್ ಬಿದ್ ನಗೋದು. ‘ತುತ್ತು ಗಂಟ್ಲಲ್ಲಿ ಇಳಿಯಲ್ಲ ಕಣೆ ಗಿರಿ, ಆ ತಿಪ್ಪಿ ಏನ್ ಪುಣ್ಯ ಮಾಡಿದ್ಲೋ’ ಅಂತಿದ್ಲು. ಹೊಗೆ ತುಂಬ್ಕೊಂಡ್ರೆ ಅವ್ನು ಎದ್ದೋಗ್ತಾನೆ, ನಗೋದು ನಿಲ್ತದೆ ಅಂತ ಕಾಳಯ್ಯನ್ ಕೈಲಿ ಇಳಿಜಾರು ತಿರುಗ್ಸಿದ್ಲು. ನಿಂತ್ ಹೋಯ್ತಲ್ಲ! ಆಮ್ಯಾಕೆ ತಾನೇ ಅತ್ಲು.”

ಅಯ್ಯನವರು ಶಂಖ ಊದಲು ಸನ್ನೆ ಮಾಡಿದರು. ಗಂಡಸರು ಬಗ್ಗಿ ಶವವನ್ನು ಎತ್ತಿದರು. ಎಲ್ಲರೂ ಅಳುತ್ತಿದ್ದರು. ಕಂಬಕ್ಕೆ ಒರಗಿ ನಿಂತಿದ್ದ ತಿಪ್ಪಮ್ಮನಿಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಬಂದದ್ದು ಬೇರೆಯೇ, ಆ ಹೊತ್ತಿಗೆ ನಾಚಿಕೆಯಾಗುವಂಥದ್ದು. ಬೆಣ್ಣೆ ರೊಟ್ಟಿಯ ಆ ಕೈ, ಇಷ್ಟು ಜನ ಸಂಪಾದಿಸಿದ ಆ ಹೆಂಗಸು, ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದಳು! ಒಂದು ಗಳಿಗೆ ತಿಪ್ಪಮ್ಮನ ಕುತ್ತಿಗೆ ನೆಟ್ಟಗಾಯಿತು.

*

ಗುಣಿಗೆ ಮಣ್ಣು ಹಾಕಿ ಬಂದವರು ಕೈಕಾಲು ತೊಳೆದು ಚದುರಿದರು. ಗಂಗಾಧರಯ್ಯ ಸ್ನಾನ ಮಾಡಿ ಜಗಲಿಯಲ್ಲಿ ಕೂತ. ನೆಲ ತೊಳೆದು ಮುಗಿಸಿದ ತಿಪ್ಪಮ್ಮ ಬಾಗಿಲಿಗೆ ಬಂದು ನಿಂತಳು.

“ರೀ, ಆವಾಗ ನಾವ್ ಏನಕ್ ನಗ್ತಿದ್ವಿ?”

“ಯಾವಾಗ?”

“ಹೊಸ್ದಾಗಿ ಪಾಲಾದಾಗ. ಒಲೆ ಮುಂದೆ.”

ಅವನು ನೆನಪಿಸಿಕೊಳ್ಳಲು ನೋಡಿದ. “ನಗ್ತಿದ್ವಾ?” ಎಂದ.

ಅವಳು ಒಳಗೆ ಹೋದಳು. ದೀಪ ಹಚ್ಚುವ ಹೊತ್ತು. ಕಾಫಿಗೆಂದು ಗ್ಯಾಸ್ ಹತ್ತಿಸಲು ಕೈ ಚಾಚಿದಾಗ ಎಲ್ಲೋ ಮಾತು ಕೇಳಿದಂತಾಯಿತು. ಕಿಟಕಿಯಿಂದಲ್ಲ, ಗೋಡೆಯೊಳಗಿಂದ. ಕಟ್ಟೆಯ ಮೇಲ್ಗಡೆ, ಹಳೆಯ ಒಲೆಯ ಹೊಗೆ ಹೋಗುತ್ತಿದ್ದ ಕಂಡಿಗೆ ಗೋಣಿಚೀಲ ತುರುಕಿತ್ತು. ಹಿಡಿದು ಎಳೆದಳು. ಒದ್ದೆ ಇಟ್ಟಿಗೆಪುಡಿಯೂ ಮಸಿಯೂ ಅವಳ ಮುಖದ ಮೇಲೆ, ಎದೆಯ ಮೇಲೆ ಸುರಿದವು. ನಡುವಿನ ಅರ್ಧ ಇಟ್ಟಿಗೆಯ ಗೋಡೆಯನ್ನು ನೀರು ತಿಂದುಹಾಕಿತ್ತು.

ಈಗ ಚೆನ್ನಾಗಿಯೇ ಕೇಳಿತು. ಆಚೆ ಕರಿಬಸಮ್ಮನ ಅಡುಗೆಮನೆಯಲ್ಲಿ ಗಿರಿಯಮ್ಮ ಏನೋ ಹೇಳುತ್ತಿದ್ದಳು. ಸೋಮಶೇಖರ್ ನಡುವೆ ಬಾಯಿ ಹಾಕಿದ. ಆಮೇಲೆ ಭೂಮಿಕಾ, ಅತ್ತು ಗಂಟಲು ಕಟ್ಟಿದ್ದ ಭೂಮಿಕಾ, ದೊಡ್ಡಮ್ಮನ ಯಾವುದೋ ಹಳೆಯ ಮಾತಿಗೆ ತಡೆಯಲಾರದೆ ನಕ್ಕಳು.

“ಕಾಫಿ ಆಯ್ತೇನೆ?” ಎಂದು ಗಂಗಾಧರಯ್ಯ ಜಗಲಿಯಿಂದ ಕೇಳಿದ.

ತಿಪ್ಪಮ್ಮ ಸ್ಟೂಲು ಎಳೆದುಕೊಂಡು ಹತ್ತಿ, ಮಸಿ ಒರೆಸಿಕೊಳ್ಳದೆ, ಕಿವಿಯನ್ನು ಕಂಡಿಗೆ ಒತ್ತಿ ನಿಂತಳು.