ಮಂಚದ ಪಕ್ಕದ ಗೋಡೆ

ಊರಿನ ಅರ್ಧ ಮನೆಗಳಿಗೆ ಬಣ್ಣ ಬಳಿದ ಮೇಸ್ತ್ರಿಯ ಸ್ವಂತ ಮನೆಯನ್ನು ನೋಡಿದ್ದರೆ ಯಾರೂ ಅವನಿಗೆ ಕೆಲಸ ಕೊಡುತ್ತಿರಲಿಲ್ಲ. ಹಾಲಿನ ಗೋಡೆಯಲ್ಲಿ ಸುಣ್ಣ ಹೊಪ್ಪಳೆ ಎದ್ದಿತ್ತು, ಅಡುಗೆಮನೆ ಹೊಗೆ ಹಿಡಿದು ಕಂದಾಗಿತ್ತು, ಒಳಕೋಣೆಯಲ್ಲಿ ಮಂಚದ ಪಕ್ಕದ ಗೋಡೆಗೆ ಅಂಗೈ ಅಗಲದ ಎಣ್ಣೆ ಕಲೆ ಬೇರೆ. ಬಳಿಯೋಣವೆಂದು ಅವನು ಬಾಯಿ ತೆರೆದಾಗಲೆಲ್ಲ ಹೆಂಡತಿ ‘ಈಗ ಬೇಡ’ ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಸೆಖೆ, ಮಳೆಗಾಲದಲ್ಲಿ ತೇವ. ಚಳಿಗಾಲಕ್ಕೊಂದು ನೆಪ ಹುಡುಕುವ ಗೋಜಿಗೂ ಹೋಗುತ್ತಿರಲಿಲ್ಲ.

ಕಿರಿ ಮಗಳು ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದ ಆ ಹುಡುಗಿಗೆ ಹುಟ್ಟಿನಿಂದಲೇ ಹೃದಯದಲ್ಲಿ ತೊಂದರೆ. ಒಂಬತ್ತು ತುಂಬುವಷ್ಟರಲ್ಲಿ ಎಲ್ಲ ಮುಗಿಯಿತು. ಕೊನೆಯ ಒಂದು ವರ್ಷ ಅವಳು ಆ ಮಂಚದಿಂದ ಇಳಿದದ್ದೇ ಕಡಿಮೆ. ತನ್ನ ಮೈಗಂಟಿದ ಬಣ್ಣದ ಥಿನ್ನರ್ ವಾಸನೆಗೆ ಅವಳಿಗೆ ಕೆಮ್ಮು ಹತ್ತುತ್ತಿತ್ತೆಂದು ಮೇಸ್ತ್ರಿ ಆಗಲೇ ತನ್ನ ಹಾಸಿಗೆಯನ್ನು ಹಾಲಿಗೆ ಎಳೆದುಕೊಂಡಿದ್ದ. ಮಗು ಹೋದ ಮೇಲೂ ಒಳಗೆ ಬನ್ನಿ ಎಂದು ಅವನನ್ನು ಯಾರೂ ಕರೆಯಲಿಲ್ಲ, ಅವನೂ ಕೇಳಲಿಲ್ಲ. ಗಂಡ ಹೆಂಡತಿ ಜಗಳವಾಡಿದ್ದಿಲ್ಲ. ಊಟಕ್ಕೆ ಬನ್ನಿ, ಗ್ಯಾಸ್ ಮುಗಿದಿದೆ, ಬಾಗಿಲು ಹಾಕ್ಕೊಳ್ಳಿ, ಇಷ್ಟರಲ್ಲೇ ಅವರ ಸಂಸಾರ ಸಾಗುತ್ತಿತ್ತು.

ಹೆಂಡತಿಯ ಅಕ್ಕನಿಗೆ ಆಪರೇಷನ್ ಆಗಿತ್ತು. ನೋಡಿಕೊಳ್ಳಲು ಹೆಂಡತಿ ಮತ್ತು ದೊಡ್ಡ ಮಗಳು ಸೋಮವಾರ ಬೆಳಿಗ್ಗೆ ರೈಲು ಹತ್ತಿದರು. ಶನಿವಾರ ವಾಪಸ್ಸು. “ಹಾಲು ಕಾಯಿಸಿಡೋದು ಮರೀಬೇಡಿ, ಒಡೆದುಹೋಗತ್ತೆ” ಎಂದು ಹೆಂಡತಿ ಕಿಟಕಿಯಿಂದ ಹೇಳಿದಳು. ಎರಡು ವರ್ಷದಲ್ಲಿ ಅದು ಅವಳ ಉದ್ದನೆಯ ಮಾತುಗಳಲ್ಲೊಂದು.

ಆ ವಾರ ಮೇಸ್ತ್ರಿಗೆ ಕೆಲಸವಿರಲಿಲ್ಲ. ಸೋಮವಾರವಿಡೀ ಟೀವಿ ಹಾಕಿದ, ಆರಿಸಿದ, ಒಂದೇ ತಟ್ಟೆಯನ್ನು ಮೂರು ಸಲ ತೊಳೆದ. ಕೈಕಟ್ಟಿ ಕೂತು ಗೊತ್ತಿಲ್ಲದ ಆಸಾಮಿ. ಸಂಜೆಯ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು. ಹೋದ ತಿಂಗಳು ದೊಡ್ಡ ಮನೆಯೊಂದರ ಕೆಲಸದಲ್ಲಿ ಮಿಕ್ಕಿದ ಒಳ್ಳೆಯ ಬಣ್ಣ ಎರಡು ಡಬ್ಬಿ ಅಟ್ಟದ ಮೇಲಿತ್ತು, ತಿಳಿ ಹಳದಿ. ಅವರು ಬರುವಷ್ಟರಲ್ಲಿ ಒಳಕೋಣೆ ಬಳಿದುಬಿಟ್ಟರೆ? ಹೊಸ ಕೋಣೆ ಕಂಡು ಅವಳ ಮುಖ ಒಂದಿಷ್ಟು ಅರಳೀತು. ಅರಳಿದರೆ, ಇನ್ಮೇಲೆ ಒಳಗೇ ಮಲಗಿ ಎಂದರೂ ಅಂದಾಳು. ಅವನಿಗೆ ಬೇಕಿದ್ದದ್ದು ಆ ಒಂದು ಮಾತು.

ಮಂಗಳವಾರ ಮಂಚ ಸರಿಸಿ ಕೆಲಸಕ್ಕಿಳಿದ. ಎಣ್ಣೆ ಕಲೆಯ ಮೇಲೆ ಹಾಗೇ ಬಣ್ಣ ಬಳಿದರೆ ತಿಂಗಳೊಳಗೆ ಅದು ಮತ್ತೆ ಮೇಲೆದ್ದು ಬರುತ್ತದೆಂದು ಕಲಿತವನಿಗೆ ಗೊತ್ತು. ಅವನು ಕಲಿತವನು. ಕಲೆಯನ್ನು ಗಾರೆಯ ತನಕ ಕೆರೆದು ತೆಗೆದ, ಸೋಡಾ ನೀರಲ್ಲಿ ತೊಳೆದ, ಕೆರೆದ ಕುಳಿಗೆ ಪುಟ್ಟಿ ತುಂಬಿ ಉಜ್ಜಿದ, ಪ್ರೈಮರ್ ಹೊಡೆದ. ಅದು ಯಾರ ತಲೆ ಒರಗಿ ಆದ ಕಲೆಯೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬಣ್ಣದವನ ಕಣ್ಣಿಗೆ ಕಲೆ ಮೊದಲು ಕಲೆ, ಮಿಕ್ಕಿದ್ದೆಲ್ಲ ಆಮೇಲೆ. ಅವನಿಗೆ ಆ ಮಿಕ್ಕಿದ್ದು ಎರಡು ದಿನ ತಡವಾಗಿ ಬಂತು.

ಕೆರೆದ ಪುಡಿಯ ಚೀಲವನ್ನು ಬುಧವಾರ ಬೆಳಿಗ್ಗೆ ಕಸದ ಗಾಡಿಗೆ ಹಾಕಿದ. ಸಂಜೆಯೊಳಗೆ ಎರಡು ಕೋಟು ಮುಗಿಯಿತು. ಬಾಗಿಲಲ್ಲಿ ನಿಂತು, ಬೇರೆಯವರ ಕೆಲಸ ನೋಡುವವನಂತೆ ತಲೆ ಓರೆ ಮಾಡಿ ನೋಡಿದ. ಎಲ್ಲೂ ಒಂದು ಏರಿಲ್ಲ, ತಗ್ಗಿಲ್ಲ. ಮಂಚವನ್ನು ಅದರ ಜಾಗಕ್ಕೆ ದೂಡಿ, ಹಾಲಿನ ತನ್ನ ಹಾಸಿಗೆಗೆ ಬಂದು ತೃಪ್ತಿಯಾಗಿ ಮಲಗಿದ.

ಗುರುವಾರ ಬೆಳಿಗ್ಗೆ ಫೋನು ಮಾಡಿದಾಗ ದೊಡ್ಡ ಮಗಳು ಎತ್ತಿದಳು.

“ಅಮ್ಮ ಎಲ್ಲೇ?”

“ಈಗ ಒಂಚೂರು ಕಣ್ಣು ಮುಚ್ಚಿದಾಳೆ ಅಪ್ಪ. ಬಂದಾಗಿಂದ ನಿದ್ದೆನೇ ಇಲ್ಲ. ಇಲ್ಲಿ ಆ ಗೋಡೆ ಇಲ್ವಲ್ಲ.”

“ಗೋಡೆ ಇಲ್ದೆ ಮನೆ ಕಟ್ಟಿದಾರಾ ನಿಮ್ಮ ದೊಡ್ಡಮ್ಮ?” ಎಂದು ಮೇಸ್ತ್ರಿ ನಕ್ಕ.

“ತಮಾಷೆ ಅಲ್ಲಪ್ಪ. ಗುಬ್ಬಿ ತಲೆ ಗುರುತಿದೆಯಲ್ಲ ಮಂಚದ ಪಕ್ಕ, ಅದರ ಮೇಲೆ ಕೈ ಇಟ್ಕೊಂಡ್ರೇನೇ ಅಮ್ಮಂಗೆ ನಿದ್ದೆ ಬರೋದು. ದಿನಾ ಹಾಗೇ ಮಲಗೋದು. ನಿಂಗೆ ಗೊತ್ತಿಲ್ವಾ?”

“ಗೊತ್ತು, ಗೊತ್ತು” ಎಂದ ಮೇಸ್ತ್ರಿ. ಫೋನಿಟ್ಟುಬಿಟ್ಟ.

ಅವನು ಚಪ್ಪಲಿಯನ್ನೂ ಹಾಕದೆ ಬೀದಿಯ ತುದಿಯವರೆಗೆ ಹೋದ. ಬುಧವಾರದ ಕಸದ ಗಾಡಿ ಗುರುವಾರವೂ ಅಲ್ಲೇ ನಿಂತಿರುತ್ತದೆಯೇ? ಖಾಲಿ ಬೀದಿ ನೋಡಿಕೊಂಡು ವಾಪಸ್ಸು ಬಂದ. ಬಂದವನೇ ಉಜ್ಜುಕಾಗದ ತೆಗೆದುಕೊಂಡು ಗೋಡೆಯ ಮುಂದೆ ನಿಂತ, ಮತ್ತೆ ಕೆಳಗಿಟ್ಟ. ಕೆರೆದರೆ ಬಣ್ಣ ಸಿಗುತ್ತದೆ, ಪ್ರೈಮರ್ ಸಿಗುತ್ತದೆ, ಪುಟ್ಟಿ ಸಿಗುತ್ತದೆ. ಅದರ ಕೆಳಗೆ ಏನೂ ಉಳಿಯದಂತೆ ಮಾಡಿದವನು ಅವನೇ.

ಆಮೇಲೆ ಮಾಡಿದ್ದನ್ನು ಕೇಳಿದರೆ ಬುದ್ಧಿ ನೆಟ್ಟಗಿದೆಯೇ ಎನ್ನುತ್ತೀರಿ. ಬಚ್ಚಲಿನಿಂದ ಹೆಂಡತಿಯ ಎಣ್ಣೆ ಬಾಟಲಿ ತಂದು ತನ್ನ ತಲೆಗೆ ಸುರಿದುಕೊಂಡು ತಿಕ್ಕಿದ. ಮಂಚ ಹತ್ತಿ ಗೋಡೆಗೆ ತಲೆಯೊರಗಿಸಿ ಕೂತ. ಶನಿವಾರಕ್ಕೆ ಎರಡು ದಿನವಿತ್ತು. ಒಂದು ತಲೆ ಒಂದು ವರ್ಷದಲ್ಲಿ ಮಾಡಿದ್ದನ್ನು ಇನ್ನೊಂದು ತಲೆ ಎರಡು ದಿನದಲ್ಲಿ ಮಾಡಬೇಕಿತ್ತು.

ಎಷ್ಟು ಎತ್ತರದಲ್ಲಿ ಎನ್ನುವುದೇ ಮೊದಲ ಪ್ರಶ್ನೆ. ಗುಬ್ಬಿಯನ್ನು ಅವನು ಹೊಸ್ತಿಲಿನಿಂದಲೇ ನೋಡುತ್ತಿದ್ದದ್ದು. ಸಂಜೆ ಬಂದವನು ಹೊಸ್ತಿಲಲ್ಲಿ ನಿಂತು ಎರಡೂ ಕೈ ಮುಂದೆ ಚಾಚುತ್ತಿದ್ದ, ಅವಳು ಅವನ ಉಗುರು ನೋಡಿ “ಇವತ್ತು ಹಸಿರು” ಎನ್ನುತ್ತಿದ್ದಳು. ಆಗ ಅವಳ ನೆತ್ತಿ ಕಿಟಕಿಯ ಎರಡನೇ ಅಡ್ಡ ಸರಳಿನ ನೇರಕ್ಕೆ ಬರುತ್ತಿತ್ತೆಂದು ಅವನಿಗೆ ನೆನಪು. ಆ ಅಂದಾಜಿನ ಮೇಲೆ ಸೊಂಟ ಜಾರಿಸಿ, ಕಾಲು ಮಡಿಸಿ, ತಲೆಯನ್ನು ಅಲ್ಲಿಗೆ ಸರಿಯಾಗಿ ತಂದ.

ಆದರೆ ಆ ಬಣ್ಣ ಅಂಥಿಂಥದ್ದಲ್ಲ. ಮಕ್ಕಳು ಎಣ್ಣೆತಲೆ ಒರಗಿಸಿದರೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಅವನೇ ಎಷ್ಟು ಮನೆಗಳಲ್ಲಿ ಎದೆ ತಟ್ಟಿ ಹೇಳಿರಲಿಲ್ಲ! ಎಣ್ಣೆ ಒಳಗಿಳಿಯದೆ ಬೆವರಿನಂತೆ ಮೇಲೇ ನಿಂತಿತು. ಅವನು ಬಿಡಲಿಲ್ಲ. ಹೊರಗೆ ಶಾಲೆಯ ಗಂಟೆ ಬಾರಿಸಿತು, ಹಳೇ ಪೇಪರಿನವನು ಬಂದು ಕೂಗಿ ಹೋದ, ಬಿಸಿಲು ನೆಲದಿಂದ ಕಪಾಟಿಗೆ ಹತ್ತಿತು. ಹಾಲು ಒಡೆದುಹೋಯಿತು. ಕುತ್ತಿಗೆ ಮರಗಟ್ಟಿತು.

ಮೂರು ವರ್ಷದಲ್ಲಿ ಅವನು ಆ ಮಂಚದ ಮೇಲೆ ಕೂತದ್ದು ಅದೇ ಮೊದಲು. ಅಲ್ಲಿಂದ ಕಪಾಟು ಕಾಣುತ್ತಿತ್ತು, ಫ್ಯಾನು ಕಾಣುತ್ತಿತ್ತು, ಬಾಗಿಲಿನಾಚೆ ಹಾಲಿನ ಒಂದು ಮೂಲೆ ಕಾಣುತ್ತಿತ್ತು. ಆ ಮೂಲೆಯಲ್ಲಿ ಅವನ ಹಾಸಿಗೆಯ ಕಾಲ್ದೆಸೆ. ಒಂದು ವರ್ಷ ಪೂರ್ತಿ ಹೊಸ್ತಿಲಿನ ಆ ಗಳಿಗೆ ಬಿಟ್ಟರೆ ಮಗುವಿಗೆ ಅಪ್ಪನೆಂದರೆ ಎರಡು ಪಾದವಷ್ಟೇ ಕಂಡಿರಬೇಕು. ಎರಡು ಹೆಜ್ಜೆ ಇಟ್ಟು ಒಳಗೆ ಬರಬಹುದಿತ್ತು, ಮೈ ತೊಳೆದುಕೊಂಡು ಬಂದು ಕೂರಬಹುದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಮೇಸ್ತ್ರಿ ಗಟ್ಟಿಯಾಗಿಯೇ ಅತ್ತ, ತಲೆಯನ್ನು ಮಾತ್ರ ಗೋಡೆಯಿಂದ ತೆಗೆಯಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹಳದಿಯ ಮೇಲೆ ಒಂದು ಮಬ್ಬು ನೆರಳು ಮೂಡಿತ್ತು.

ಹೆಂಡತಿ ಮನೆಯ ಹೊಸ್ತಿಲು ದಾಟುತ್ತಲೇ ಮೂಗಿಗೆ ಬಣ್ಣದ ವಾಸನೆ ಬಡಿದು ನಿಂತಳು. ಕೈಯಲ್ಲಿದ್ದ ಬ್ಯಾಗನ್ನೂ ಇಡದೆ ನೇರ ಒಳಕೋಣೆಗೆ ಹೋದಳು. ಮೇಸ್ತ್ರಿ ಅಭ್ಯಾಸಬಲದಿಂದ ಕೋಣೆಯ ಹೊಸ್ತಿಲಲ್ಲೇ ನಿಂತ. ಅವಳು ಮಂಚದ ಮೇಲೆ ಕೂತು ನೆರಳಿನ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಅವನಿಗೆ ಒಂದು ಕ್ಷಣ ಆಸೆ ಹುಟ್ಟಿತು. ಅವಳು ತಿರುಗಿ ಎಣ್ಣೆ ಇಳಿಯುತ್ತಿದ್ದ ಅವನ ತಲೆ ನೋಡಿದಳು.

“ಎಷ್ಟು ಹೊತ್ತು ಕೂತಿದ್ರಿ?”

“ಗುರುವಾರದಿಂದ.”

ಅವಳು ತಲೆಯಾಡಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅವಳದ್ದು ಇಷ್ಟು ಮೇಲೆ ಇರ್ಲಿಲ್ಲ. ಕೂರೋಕೆ ಆಗ್ತಿರ್ಲಿಲ್ಲ, ಜಾರಿಕೊಂಡು ಬಿಡ್ತಿದ್ಲು. ನೀವು ಬರೋ ಹೊತ್ತಿಗೆ ಮಾತ್ರ ನನ್ನ ಕೈಲಿ ಎತ್ತಿ ಕೂರಿಸ್ಕೊಳ್ತಿದ್ಲು, ಅಪ್ಪ ಹೆದರ್ಕೊಳ್ತಾನೆ ಅಂತ.”

ಅವಳು ಬ್ಯಾಗಿನಿಂದ ಒದ್ದೆ ಟವೆಲ್ಲೊಂದನ್ನು ತೆಗೆದು ಗೋಡೆ ಒರೆಸಿದಳು. ಒಂದೇ ಸಲಕ್ಕೆ ಹೋಯಿತು, ಅವನು ಎಲ್ಲರಿಗೂ ಹೇಳುತ್ತಿದ್ದ ಹಾಗೇ.

ಆಮೇಲೆ ಅವಳು ಹಾಲಿಗೆ ಹೋಗಿ ಮೂಲೆಯ ಅವನ ಹಾಸಿಗೆಯನ್ನು ಸುತ್ತಿ ತಂದು ಮಂಚದ ಮೇಲಿಟ್ಟಳು.

“ಇನ್ಮೇಲೆ ಒಳಗೇ ಮಲಗಿ” ಎಂದು, ತನ್ನ ದಿಂಬು ಎತ್ತಿಕೊಂಡು ಅವನ ಪಕ್ಕದಲ್ಲಿ ಹಾದು ಹಾಲಿಗೆ ಹೋದಳು.